ಒಳಗಿನ ಚಿಲಕ ನಮ್ಮ ಕೈಗೆ ಕೊಡಿಸಿ: ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ, ನಮಸ್ಕಾರ.

ಹೋದ ವರ್ಷ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಬಿದ್ದಿತ್ತು. 40 ಸೆಕೆಂಡಿನ ವಿಡಿಯೋ ಮಾಡಿ ಹಾಕಿದೆ. ಯಾರ ಹೆಸರನ್ನೂ ಎತ್ತಿರಲಿಲ್ಲ, ಯಾರನ್ನೂ ಬೈದಿರಲಿಲ್ಲ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಮುನ್ನೂರಕ್ಕೂ ಜಾಸ್ತಿ ಕಾಮೆಂಟ್. ಶೌಚಾಲಯದ ಬಗ್ಗೆ ಮಾತಾಡಿದವರು ಹತ್ತು ಜನ ಇದ್ದರೆ ಹೆಚ್ಚು. ಉಳಿದದ್ದೆಲ್ಲ ನನ್ನ ಮೈ ಬಗ್ಗೆ, ನನ್ನ ಗಂಡನ ಬಗ್ಗೆ, ನನ್ನ ಮಗಳ ಬಗ್ಗೆ. ಮಗಳಿಗಿನ್ನೂ ಒಂಬತ್ತು ವರ್ಷ.

ಕೆಟ್ಟ ಪದಗಳನ್ನು ಮರೆಮಾಡುವ ಸೆಟ್ಟಿಂಗ್ ಇದೆ ಅಂತ ಗೆಳತಿ ಹೇಳಿದಳು. ಆನ್ ಮಾಡಿದೆ. ಇಂಗ್ಲಿಷ್ ಬೈಗುಳ ಕೆಲವು ಹೋದವು. ಕನ್ನಡದ್ದು ಒಂದೂ ಕದಲಲಿಲ್ಲ. ಬೇಡದ ಪದಗಳನ್ನು ನೀವೇ ಸೇರಿಸಿ ಅಂತ ಒಂದು ಖಾಲಿ ಜಾಗ ತೋರಿಸಿತು. ಅವತ್ತು ರಾತ್ರಿ ಅಡುಗೆಮನೆಯಲ್ಲಿ ಕೂತು, ಜನ್ಮದಲ್ಲಿ ಬಾಯಿಗೆ ತಂದುಕೊಳ್ಳದ ಮಾತುಗಳನ್ನು ಒಂದೊಂದಾಗಿ ನಾನೇ ಟೈಪ್ ಮಾಡಿದೆ. ಕನ್ನಡ ಅಕ್ಷರದಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ಥರ. ಒಬ್ಬ ಎರಡು 'ಎ' ಹಾಕಿರುತ್ತಾನೆ, ಇನ್ನೊಬ್ಬ ಒಂದೇ. ಇಷ್ಟು ಮಾಡಿದರೂ ಪದದ ಕೊನೆಗೆ 'ಗೆ', 'ನ್ನ', 'ಳೇ' ಅಂತ ಏನಾದರೂ ಅಂಟಿದ ಕೂಡಲೇ ಅದು ನುಸುಳಿ ಬರುತ್ತಿತ್ತು. ಪ್ರತ್ಯಯ ಹಚ್ಚದೆ ಕನ್ನಡದಲ್ಲಿ ಬೈಯುವವರು ಯಾರಿದ್ದಾರೆ ಹೇಳಿ?

ಕಾನೂನೇ ಇಲ್ಲ ಅಂತ ಹೇಳುತ್ತಿಲ್ಲ. ಸೋಶಿಯಲ್ ಮೀಡಿಯಾ ಕಂಪನಿಗಳಿಗೆ 2021ರ ಐಟಿ ನಿಯಮ ಬಂದಾಗ, ಕಂಪನಿಗೆ ಕೊಟ್ಟ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಅಂತ ಬರೆದಿದ್ದರು. ಹದಿನೈದು ದಿನ! ನನ್ನ ಮೇಲೆ ಬಿದ್ದ ಕಲ್ಲುಗಳೆಲ್ಲ ಎರಡೇ ದಿನದಲ್ಲಿ ಬಿದ್ದು ಮುಗಿದಿದ್ದವು. 2025ರ ಜುಲೈನಲ್ಲಿ ನಟಿ ರಮ್ಯಾ 43 ಖಾತೆಗಳ ಮೇಲೆ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು, ಕೆಲವರ ಬಂಧನವೂ ಆಯಿತು. ಒಳ್ಳೆಯದೇ ಆಯಿತು. ಆದರೆ ಅವರು ಹಿಂದೆ ನಿಮ್ಮ ಹಾಗೇ ಲೋಕಸಭೆಯಲ್ಲಿ ಕೂತವರು. ನಾನು ಠಾಣೆಗೆ ಹೋದಾಗ 'ಸ್ಕ್ರೀನ್‌ಶಾಟ್ ಎಲ್ಲಿ, ಲಿಂಕ್ ಎಲ್ಲಿ' ಅಂದರು. ಮಗಳ ಕಣ್ಣಿಗೆ ಬೀಳದಿರಲಿ ಅಂತ ಅಷ್ಟನ್ನೂ ಡಿಲೀಟ್ ಮಾಡಿ ಹೋಗಿದ್ದೆ.

ಆ ಬೆಳಿಗ್ಗೆ ನನಗೆ ಬೇಕಿದ್ದದ್ದು ಇಷ್ಟೇ. ಬಂದ ಕಾಮೆಂಟೆಲ್ಲ ಒಂದು ಪಕ್ಕಕ್ಕೆ ಹೋಗಿ ಬೀಳಬೇಕು. ನನ್ನ ಬದಲು ನನ್ನ ಅಕ್ಕ ಅದನ್ನು ಓದಬೇಕು. ಒಳ್ಳೆಯದನ್ನು ಒಳಗೆ ಬಿಟ್ಟು, ಕೆಟ್ಟದ್ದನ್ನು ದಿನಾಂಕ, ಲಿಂಕ್ ಸಮೇತ ಎತ್ತಿಡಬೇಕು. ಇದೇನೂ ಆಗದ ಮಾತಲ್ಲ. ಅಮೆರಿಕದ ಎಂಜಿನಿಯರ್ ಟ್ರೇಸಿ ಚೌ ತಾವೇ ಇಂಥ ಕಾಟ ಅನುಭವಿಸಿ, ಟ್ವಿಟರ್ ಬಳಸುವವರಿಗಾಗಿ 'ಬ್ಲಾಕ್ ಪಾರ್ಟಿ' ಕಟ್ಟಿದರು. ಬೇಡದವರ ಮಾತು ಅದರಲ್ಲಿ ಬೇರೆ ಕಡೆ ಜಮಾ ಆಗುತ್ತಿತ್ತು, ನಂಬಿಕೆಯವರೊಬ್ಬರಿಗೆ ಆ ರಾಶಿಯನ್ನು ಒಪ್ಪಿಸಬಹುದಿತ್ತು. 2023ರಲ್ಲಿ ಟ್ವಿಟರ್, ಹೊರಗಿನವರು ಕಟ್ಟಿದ ಇಂಥ ಸಾಧನಗಳಿಗೆ ದುಬಾರಿ ದರ ಹಾಕಿತು, ಆ ಸೇವೆ ನಿಂತುಹೋಯಿತು. ಮರುವರ್ಷ, ಎಕ್ಸ್ ಅಂತ ಹೆಸರು ಬದಲಿಸಿಕೊಂಡಿದ್ದ ಅದೇ ಕಂಪನಿ, ಬ್ಲಾಕ್ ಆದವರೂ ನಮ್ಮ ಪಬ್ಲಿಕ್ ಪೋಸ್ಟ್ ನೋಡುವ ಹಾಗೆ ಮಾಡಿತು. ನಮ್ಮ ಬಾಗಿಲಿನ ಚಿಲಕವನ್ನು ಅವರು ಬೇಕೆಂದಾಗ ಬಿಚ್ಚಿಕೊಂಡು ಹೋಗಬಹುದು ಅಂದರೆ ಹೇಗೆ?

ಯಾರ ಬಾಯನ್ನೂ ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ. ಹೊಸ ಜೈಲು ಕಾನೂನು ಅಂದಾಗಲೆಲ್ಲ ನನಗೆ ಭಯವೇ ಆಗುತ್ತದೆ. ಬೀಗದ ವಿಡಿಯೋ ಹಾಕಿದ ನನ್ನ ಮೇಲೇ ನಾಳೆ ಕೇಸ್ ಬಿದ್ದರೆ? ಆನ್‌ಲೈನ್‌ನಲ್ಲಿ ಹಾಕಿದ ಮಾತಿಗೆ ಜೈಲಿಗೆ ಕಳಿಸಬಹುದಾಗಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿದ್ದು ಇಂಥ ಕಾರಣಕ್ಕೇ ಅಲ್ವಾ? ಅವರು ಅವರ ಜಗಲಿಯಲ್ಲಿ ಏನು ಬೇಕಾದರೂ ಮಾತಾಡಲಿ. ನನ್ನ ಮನೆಯೊಳಗೆ ಯಾರು ಬರಬೇಕು ಅನ್ನುವುದು ನನಗೆ ಬಿಟ್ಟಿದ್ದು.

ಅದೇ ಐಟಿ ನಿಯಮದ 2022ರ ತಿದ್ದುಪಡಿಯಲ್ಲಿ, ಕಂಪನಿಗಳು ತಮ್ಮ ಷರತ್ತುಗಳನ್ನು ಸಂವಿಧಾನದ ಎಂಟನೇ ಶೆಡ್ಯೂಲಿನ ಭಾಷೆಗಳಲ್ಲಿ ನಾವು ಆರಿಸಿದ್ದರಲ್ಲಿ ತಿಳಿಸಬೇಕು ಅಂತ ಸೇರಿಸಿದ್ದಾರೆ. ಷರತ್ತು ಕನ್ನಡದಲ್ಲಿ ಕೊಡಬೇಕು ಅನ್ನಬಹುದಾದರೆ, ಬೈಗುಳ ತಡೆಯುವ ಜರಡಿಯೂ ಕನ್ನಡ ತಿಳಿದಿರಬೇಕು ಅಂತ ಯಾಕೆ ಬರೆಯಬಾರದು? ಹೊರಗಿನವರು ಕಟ್ಟಿದ ಸಾಧನಕ್ಕೆ ದಾರಿ ಬಿಡಿ ಅಂತ ಯಾಕೆ ಬರೆಯಬಾರದು?

ನಿಮ್ಮಲ್ಲಿ ಮೂವರು ಹೆಣ್ಣುಮಕ್ಕಳಿದ್ದೀರಿ. ಪಕ್ಷ ಬೇರೆ ಬೇರೆ ಇರಬಹುದು, ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಮೂವರೂ ಸೇರಿ ಕೇಳಿ. ಉಳಿದ 25 ಜನ ಜೊತೆಗೆ ನಿಲ್ಲಿ. ಬೇಕಾದರೆ ನನ್ನ ಪದಗಳ ಪಟ್ಟಿ ಕಳಿಸಿಕೊಡುತ್ತೇನೆ. ಇವತ್ತಿಗೆ 214 ಆಗಿವೆ.

ಇಂತಿ,
ಕರ್ನಾಟಕದ ಒಬ್ಬ ಮತದಾರಳು