ಹೂಳಿನ ಜತೆ ಗಡ್ಡೆಯೂ ಲಾರಿ ಹತ್ತುತ್ತಿದೆ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಕೆರೆಗಳಿಗೆ ಜೆಸಿಬಿ ಇಳಿಯುತ್ತದೆ. ಹೂಳು ತೆಗೆಯಲಿ, ತಕರಾರಿಲ್ಲ. ಆದರೆ ಅಂಚನ್ನೂ ಬಿಡದೆ ಗೋರಿದರೆ ಅಪೊನೊಜೆಟನ್ ನಟಾನ್ಸ್ ಎಂಬ ನಮ್ಮದೇ ಜಲಸಸ್ಯ ಬುಡಸಮೇತ ಹೋಗುತ್ತದೆ.

ಆ ಹೊತ್ತಿನಲ್ಲಿ ಅದು ಕಣ್ಣಿಗೇ ಬೀಳದು. ಎಲೆಯೆಲ್ಲ ಕೊಳೆತು, ಅಡಿಕೆ ಗಾತ್ರದ ಗಡ್ಡೆಯಷ್ಟೇ ಕೆಸರಿನಡಿ ಮಲಗಿರುತ್ತದೆ. ಮಳೆನೀರು ನಿಂತ ಮೇಲೆ ಚಿಗುರುತ್ತದೆ. ಮೇ ತಿಂಗಳಲ್ಲಿ ಸ್ಥಳ ಪರಿಶೀಲಿಸಿ ‘ಇಲ್ಲೇನೂ ಇಲ್ಲ’ ಎಂದು ಷರಾ ಬರೆದರೆ ಏನು ಬಂತು? ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನೋಡಿ, ಗಿಡವಿರುವ ಕಡೆ ಗೂಟ ಹೊಡೆದಿಡಬೇಕು.

ಗುರುತು ಕಷ್ಟವಿಲ್ಲ. ನೀರಿನ ಮೇಲೆ ಚಪ್ಪಟೆಯಾಗಿ ತೇಲುವ ನೀಳ ಎಲೆ, ಪಕ್ಕದಲ್ಲಿ ಬೆರಳಿನಂತೆ ಎದ್ದು ನಿಂತ ಒಂದೇ ತೆನೆ. ತೆನೆಯ ಸುತ್ತ ಬಿಳಿ ಅಥವಾ ತಿಳಿ ನೇರಳೆಯ ಪುಟ್ಟ ಹೂಗಳು. ಒಂದೊಂದಕ್ಕೂ ಎರಡೇ ದಳ, ಆರು ಕೇಸರ. ಹಸಿರೆಲ್ಲ ‘ಅಂತರಗಂಗೆ’ ಎಂದು ಕೀಳುವ ಮೊದಲು ಒಂದು ಎಲೆ ಹಿಡಿದು ಮೆಲ್ಲಗೆ ಎಳೆಯಿರಿ. ಅಂತರಗಂಗೆ ಬೇರುಸಹಿತ ಕೈಗೆ ಬರುತ್ತದೆ. ಅಪೊನೊಜೆಟನ್‌ನ ತೊಟ್ಟು ಕೆಸರಿನೊಳಗಿನ ಗಡ್ಡೆಯವರೆಗೂ ಇಳಿದಿರುತ್ತದೆ. ಎಲೆಗಳು ಗೆಣ್ಣುಳ್ಳ ಕಾಂಡದ ಮೇಲಿದ್ದರೆ ಅದು ಪೊಟಮೊಜೆಟನ್, ಬೇರೆಯೇ ಕುಲ.

ಗೂಟ ಹೊಡೆದ ಕಡೆ ಮೇಲಿನ ಒಂದು ಅಡಿ ಮಣ್ಣನ್ನು ಬೇರೆಯಾಗಿ ತೆಗೆದು ನೆರಳಿನಲ್ಲಿ ಹಾಕಿ, ಒದ್ದೆ ಗೋಣಿ ಮುಚ್ಚಬೇಕು. ರಾಶಿ ಎರಡು ಅಡಿ ಮೀರಬಾರದು. ಮೀರಿದರೆ ಅಡಿಯಲ್ಲಿರುವ ಗಡ್ಡೆ ಕೊಳೆಯಬಹುದು. ಕೆಲಸ ಮುಗಿದ ಮೇಲೆ ಒಂದೆರಡು ಅಡಿ ನೀರು ನಿಲ್ಲುವ ಅಂಚಿಗೇ ಅದನ್ನು ಮರಳಿ ಹರಡಬೇಕು. ಬಿಡಿ ಗಡ್ಡೆ ಸಿಕ್ಕರೆ ಮೊಳಕೆಯ ತುದಿ ಕೆಸರಿನ ಮಟ್ಟಕ್ಕಿರಲಿ, ಆಳಕ್ಕೆ ಹೂಳಬೇಡಿ. ತೇಲಿಹೋಗದಂತೆ ತೆಂಗಿನ ನಾರು ಸುತ್ತಿ ಸಣ್ಣ ಕಲ್ಲು ಕಟ್ಟಿದರೆ ಸಾಕು. ಬೀಜವನ್ನು ಒಣಗಿಸಿಡದೆ ಹಸಿಯಾಗಿರುವಾಗಲೇ ಬಿತ್ತಬೇಕು.

ಇಷ್ಟೆಲ್ಲ ಮಾಡಿದರೂ ಕೆರೆಯನ್ನು ಬೋಗುಣಿಯಂತೆ ತೋಡಿ, ದಡಕ್ಕೆ ನೇರ ಕಲ್ಲು ಕಟ್ಟಿದರೆ ಗಿಡಕ್ಕೆ ನಿಲ್ಲಲು ಜಾಗವೇ ಇರದು. ಆಳದ ಕದಡಿದ ನೀರಲ್ಲಿ ಬೆಳಕು ತಳ ಮುಟ್ಟುವುದಿಲ್ಲ. ಮೇಲಿಂದ ಗಿಡ ತಿನ್ನುವ ಹುಲ್ಲುಗೆಂಡೆ ಮೀನಿನ ಮರಿ ಬಿಟ್ಟರಂತೂ ಎಳೆ ಚಿಗುರು ಅದರ ಬಾಯಿಗೇ.

ಅಂದಾಜುಪಟ್ಟಿಯಲ್ಲಿ ‘ಅಂಚಿನ ಮೇಲ್ಮಣ್ಣು ಪ್ರತ್ಯೇಕ ಶೇಖರಣೆ ಮತ್ತು ಮರುಹರಡುವಿಕೆ’ ಎಂಬ ಒಂದು ಬಾಬ್ತು ಸೇರಿಸಿದರೆ ಗುತ್ತಿಗೆದಾರರು ಮಾಡುತ್ತಾರೆ. ಬಾಯಿಮಾತಿಗೆ ಯಾರೂ ಮಾಡುವುದಿಲ್ಲ.

– ಕೆಲವು ಜಲಸಸ್ಯಾಸಕ್ತರು, ಶಿರಸಿ