ಪಕ್ಕವಾದ್ಯದವರ ಹೆಸರೂ ಬೇಕು

ಕ್ಲೀವ್‌ಲ್ಯಾಂಡ್, ಭಾನುವಾರ

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಹಾಸನದಲ್ಲಿ ಮಳೆ ಜೋರಂತೆ, ಅಮ್ಮ ಬೆಳಗಿನ ಹೊತ್ತು ತಣ್ಣೀರು ಮುಟ್ಟುವುದು ಬೇಡ.

ಅಪ್ಪ, ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವುದು, ಹಳೆಯ ಸಂಗೀತ ಕಛೇರಿಗಳ ಕ್ಯಾಸೆಟ್ ಸರಿಪಡಿಸಿ ಹೊರಗೆ ಬಿಡುವುದು, ಈ ಸಂಗೀತದ ಕೆಲಸವನ್ನು ಯಾರು ಯಾರು ಸೇರಿ ಮಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದಿರಿ. ನಾವು ಐದು ಜನ. ಈ ಊರಿನಲ್ಲಿ 1978ರಿಂದ ತ್ಯಾಗರಾಜರ ಆರಾಧನೆ ನಡೆಯುತ್ತಿದೆಯಲ್ಲ, ಅಲ್ಲೇ ಆದ ಪರಿಚಯ. ಮಧುರೈ ಕಡೆಯ ಮೃದಂಗದವರು ಒಬ್ಬರು, ವೀಣೆ ಟೀಚರ್ ಒಬ್ಬರು, ಕಲಾವಿದರ ಮನೆಯವರಿಂದ ಒಪ್ಪಿಗೆ ಪತ್ರ ತರಿಸುವ ವಿಜಯವಾಡದ ಆಂಟಿ, ಧ್ವನಿ ನೋಡಿಕೊಳ್ಳುವ ಹುಡುಗ, ಮತ್ತೆ ನಾನು. ಸಂಬಳ ಯಾರಿಗೂ ಇಲ್ಲ.

ಆ ಹುಡುಗನ ಕಿವಿ ಬಲು ಚುರುಕು. ಶನಿವಾರ ಇಲ್ಲಿ ಬೆಳಿಗ್ಗೆ ಏಳಕ್ಕೆ, ನಿಮಗೆ ಸಂಜೆ ನಾಲ್ಕೂವರೆಗೆ, ಆನ್‌ಲೈನ್ ಪಾಠ. ಮಕ್ಕಳಿಗೆ ತಂಬೂರಿಯೇ ಕೇಳಿಸುತ್ತಿರಲಿಲ್ಲ. ಒಂದೇ ಸಮನೆ ಬರುವ ನಾದವನ್ನು ಕಂಪ್ಯೂಟರು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತದಂತೆ! ಅದನ್ನು ಪತ್ತೆ ಹಚ್ಚಿ ನಿಲ್ಲಿಸಿದವನು ಅವನೇ. ದನಿ ತಲುಪುವುದು ಒಂದಿಷ್ಟು ತಡವಾಗುವುದರಿಂದ ಜೊತೆಗೂಡಿ ಹಾಡಲು ಮಾತ್ರ ಆಗುವುದಿಲ್ಲ, ತಾಳ ಕೂಡುವುದಿಲ್ಲ. ಟೀಚರ್ ಒಂದು ಸಾಲು ಹೇಳಬೇಕು, ಆಮೇಲೆ ಮಕ್ಕಳು.

ಹಳೆಯ ಕ್ಯಾಸೆಟ್‌ಗಳನ್ನೂ ಅವನೇ ಸರಿಪಡಿಸುವುದು. ಟೇಪಿನ ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೂ ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಷ್ಟು, ಮೇಲೇರಿ, ಹಾಡಿದವರ ಕಂಠವೇ ಬೇರೆಯಾಗಿ ಕೇಳುತ್ತದೆ. ಅದು ಸರಿಹೋದ ಮೇಲೆ ವಿವರ ಬರೆದಿಡುವ ನನ್ನ ಸರದಿ: ರಾಗ, ತಾಳ, ಕೃತಿ ರಚಿಸಿದ ವಾಗ್ಗೇಯಕಾರರು, ಹಾಡಿದವರು. ಇಷ್ಟನ್ನು ಎಲ್ಲರೂ ಬರೆದಿಡುತ್ತಾರೆ. ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಅನ್ನುವುದು ಮಾತ್ರ ಎಷ್ಟೋ ಕಡೆ ಇರುವುದಿಲ್ಲ. ಗಾಯಕರ ಆಲಾಪನೆಯನ್ನು ನೆರಳಿನ ಹಾಗೆ ಹಿಂಬಾಲಿಸಿ, ತಾಳವಾದ್ಯದವರೇ ನುಡಿಸುವ ತನಿ ಆವರ್ತನದಲ್ಲಿ ಸಭೆಯನ್ನೇ ಹಿಡಿದಿಟ್ಟವರು ಹೆಸರಿಲ್ಲದೆ ಹೋಗುವುದು ಅನ್ಯಾಯ. ಪಕ್ಕವಾದ್ಯದವರ ಹೆಸರು ಸಿಗುವ ತನಕ ಯಾವ ಕಛೇರಿಯನ್ನೂ ಹೊರಗೆ ಬಿಡಬಾರದು ಎಂದು ಹಟ ಹಿಡಿದು ಒಪ್ಪಿಸಿದ್ದೇನೆ. ಕೆಲಸ ನಿಧಾನವಾಗುತ್ತದೆ, ಆಗಲಿ.

ರುದ್ರಪಟ್ಟಣದ ವಿಷಯ ಇವರಿಗೆಲ್ಲ ಹೇಳಿದೆ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ಒಂದೇ ಹಳ್ಳಿಯಿಂದ ಅಷ್ಟೊಂದು ವಿದ್ವಾಂಸರೇ ಎಂದು ಮೃದಂಗದವರಿಗೆ ಆಶ್ಚರ್ಯ. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಹಾಡುತ್ತಿದ್ದರು ಎಂದೆ, ಗಾಯಕ ಜೋಡಿ ರುದ್ರಪಟ್ಟಣಂ ಸಹೋದರರ ಬಗ್ಗೆಯೂ ಹೇಳಿದೆ. ಗಾಯಕರಾದ ಆರ್. ಕೆ. ಪದ್ಮನಾಭ ಅವರು ಅಲ್ಲಿ ಕಟ್ಟಿಸಿದ ತಂಬೂರಿ ಆಕಾರದ ಗುಡಿಯ ಫೋಟೋ ತೋರಿಸಿದಾಗ ಆಂಟಿ ಅಲ್ಲಿಗೆ ಹೋಗಲೇಬೇಕು ಅಂದರು.

ಅಪ್ಪ, ನೀವು ರಾಮನವಮಿ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳು ಅಟ್ಟದ ಟ್ರಂಕಿನಲ್ಲಿವೆಯಲ್ಲವೇ? ತೆಗೆಸಿ ನೋಡಿ. ಬೂಸ್ಟು ಹಿಡಿದಿದ್ದರೆ ಹಾಕಿ ನೋಡಬೇಡಿ, ಟೇಪೂ ಹೋಗುತ್ತದೆ, ಪ್ಲೇಯರೂ ಹೋಗುತ್ತದೆ. ಒಂದೊಂದಕ್ಕೂ ಚೀಟಿ ಅಂಟಿಸಿ: ಯಾವ ಊರು, ಯಾವ ವರ್ಷ, ಯಾರು ಹಾಡಿದರು, ಪಕ್ಕವಾದ್ಯ ಯಾರು. ನೆನಪಿಗೆ ಬಾರದ್ದನ್ನು ನಿಮ್ಮ ಜೊತೆ ಕಛೇರಿಗೆ ಬರುತ್ತಿದ್ದ ಮೇಷ್ಟರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ದೊಡ್ಡಮ್ಮನ ಮಗ ದೀಪಾವಳಿ ಮುಗಿಸಿಕೊಂಡು ಇಲ್ಲಿಗೆ ಹೊರಡುತ್ತಾನೆ, ಅವನ ಕೈಚೀಲದಲ್ಲೇ ಕೊಟ್ಟು ಕಳಿಸಿ.

ನಿಮ್ಮ ಪ್ರೀತಿಯ ಮಗಳು