ಅಡಿದಾಸನ ಊರಿನಿಂದ

ಎರ್ಲಾಂಗೆನ್, ಜರ್ಮನಿ
ಅಕ್ಟೋಬರ್ 12

ತೀರ್ಥರೂಪರಾದ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ ಮುಗಿದಿದೆ, ಉಪ್ಪಿನಕಾಯಿ ಭರಣಿಯ ತಳ ಕಾಣುತ್ತಿದೆ, ಚಳಿ ಶುರುವಾಗಿದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇನ್ನು ಬರೆಯುವುದನ್ನು ಫೋನಿನಲ್ಲಿ ಹೇಳಹೊರಟರೆ ಎರಡನೆಯ ನಿಮಿಷಕ್ಕೇ “ತಡೆ, ಅಮ್ಮನಿಗೆ ಕೊಡುತ್ತೇನೆ” ಎನ್ನುತ್ತೀರಿ. ಪತ್ರವಾದರೆ ಜಗಲಿಯಲ್ಲಿ ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೆ ಓದುತ್ತೀರಿ ಎಂದು ಗೊತ್ತು.

ಕಳೆದ ಶನಿವಾರ ಹೆರ್ಟ್ಸೊಗೆನೌರಾಖ್ ಎಂಬ ಊರಿಗೆ ಹೋಗಿದ್ದೆ. ಹೆಸರು ಹೇಳಲು ನಾಲಿಗೆ ಹೊರಳುವುದಿಲ್ಲ. ಇಲ್ಲಿಯವರೇ “ಹೆರ್ಟ್ಸೊ” ಎಂದು ಮೊಟಕು ಮಾಡಿಕೊಂಡಿದ್ದಾರೆ. ನಾನಿರುವಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಮ್ಮ ಕಾರ್ಕಳದಷ್ಟು ದೊಡ್ಡದಿರಬಹುದು, ನಡುವೆ ಔರಾಖ್ ಎಂಬ ಸಣ್ಣ ನದಿ. ಅಡಿಡಾಸ್ ಮತ್ತು ಪೂಮಾ ಎರಡೂ ಹುಟ್ಟಿದ್ದು ಇದೇ ಊರಿನಲ್ಲಿ, ಒಂದೇ ತಾಯಿಯ ಇಬ್ಬರು ಮಕ್ಕಳಿಂದ. ಜಾತ್ರೆಯ ಅಂಗಡಿಗಳಲ್ಲಿ ಮೂರು ಪಟ್ಟಿಯ ಬದಲು ನಾಲ್ಕು ಪಟ್ಟಿ ಹೊಲಿದ ಶೂ ಮಾರುತ್ತಾರಲ್ಲ, ಅದರ ಮೂಲಸ್ಥಾನ ಇದು.

ತಂದೆ ಶೂ ಕಾರ್ಖಾನೆಯ ಕೆಲಸಗಾರ, ತಾಯಿ ಊರವರ ಬಟ್ಟೆ ಒಗೆದುಕೊಡುತ್ತಿದ್ದವಳು. ಕಿರಿಯ ಮಗ ಆಡಾಲ್ಫ್ ಡಾಸ್ಲರ್, ಮನೆಯವರಿಗೆ ಆಡಿ, ಕಲಿತದ್ದು ಬ್ರೆಡ್ ಸುಡುವ ಕೆಲಸ. ಮೊದಲನೆಯ ಮಹಾಯುದ್ಧದಿಂದ ಮರಳಿದವನು ಒಲೆಯ ಕಡೆ ತಿರುಗಿಯೂ ನೋಡದೆ ತಾಯಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಶೂ ಹೊಲಿಯಲು ಕುಳಿತ. ಸೈನ್ಯ ಬಿಟ್ಟುಹೋದ ಸಾಮಾನುಗಳಿಂದ ಚರ್ಮ ಹೊಂದಿಸುತ್ತಿದ್ದ. ವಿದ್ಯುತ್ತನ್ನು ನಂಬುವಂತಿರಲಿಲ್ಲ, ಆದ್ದರಿಂದ ಸೈಕಲ್ಲೊಂದನ್ನು ಯಂತ್ರಕ್ಕೆ ಜೋಡಿಸಿ, ಒಬ್ಬನನ್ನು ಹತ್ತಿಸಿ ತುಳಿಸುತ್ತಿದ್ದ. ಓಟಗಾರರ ಶೂಗಳಿಗೆ ಬೇಕಾದ ಮೊಳೆಗಳನ್ನು ಊರಿನ ಕಮ್ಮಾರನ ಮನೆಯಲ್ಲೇ ಬಡಿಸುತ್ತಿದ್ದ.

ಈ ಮೊಳೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ನೀವು ಬಹುಶಃ ಈಗಲೇ ಊಹಿಸಿರುತ್ತೀರಿ.

ಅಣ್ಣ ರೂಡಾಲ್ಫ್ ಮಾತುಗಾರ, ವ್ಯಾಪಾರ ಅವನದು. ತಮ್ಮ ಮೌನಿ, ಕೆಲಸ ಅವನದು. 1924ರಲ್ಲಿ ಇಬ್ಬರೂ ಸೇರಿ ಕಂಪನಿ ಕಟ್ಟಿದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಲೀನಾ ರಾಡ್ಕೆ ಚಿನ್ನ ಗೆದ್ದದ್ದು ಇವರ ಶೂಗಳಲ್ಲಿ. ಓಟ ಯಾವುದು ಗೊತ್ತೆ ಅಪ್ಪ? ಹೆಂಗಸರ 800 ಮೀಟರ್, ನನ್ನದೇ ಓಟ! ಒಲಿಂಪಿಕ್ಸ್‌ನಲ್ಲಿ ಅದೇ ಮೊದಲು. ಹೆಂಗಸರಿಗೆ ಅಷ್ಟು ದೂರ ತಡೆಯದು ಎಂದು ದೊಡ್ಡವರು ತೀರ್ಮಾನಿಸಿ ಆಮೇಲೆ 1960ರವರೆಗೆ ಅದನ್ನು ಕೈಬಿಟ್ಟರು. 1936ರಲ್ಲಿ ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ಕಾಲಿಗೂ ಇವರದೇ ಶೂ ಏರಿತು ಎನ್ನುತ್ತಾರೆ. ಹಿಟ್ಲರನ ಎದುರಿನಲ್ಲೇ ಕರಿಯ ಓಟಗಾರನೊಬ್ಬ ನಾಲ್ಕು ಚಿನ್ನ ಗೆದ್ದ ಕಥೆಯನ್ನು ಹೇಳುವಾಗ ಕಂಪನಿಯವರ ಎದೆ ಉಬ್ಬುತ್ತದೆ. ಅಣ್ಣತಮ್ಮಂದಿರಿಬ್ಬರೂ 1933ರಲ್ಲೇ ನಾಜಿ ಪಕ್ಷ ಸೇರಿದ್ದರು, ಯುದ್ಧದ ಕೊನೆಗೆ ಅದೇ ಕಾರ್ಖಾನೆಯಲ್ಲಿ ಟ್ಯಾಂಕ್ ಒಡೆಯುವ ಆಯುಧ ತಯಾರಾಗುತ್ತಿತ್ತು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಎಂದು ನನಗನ್ನಿಸುತ್ತದೆ.

ಜಗಳಕ್ಕೆ ಕಾರಣವೆಂದು ಹತ್ತು ಕಥೆಗಳಿವೆ. ಹೆಚ್ಚು ಓಡಾಡುವ ಕಥೆ ಇದು: ಬಾಂಬ್ ದಾಳಿಯ ರಾತ್ರಿ ಆಡಿ ಮತ್ತು ಅವನ ಹೆಂಡತಿ ನೆಲಮಾಳಿಗೆಗೆ ಇಳಿದು ಬಂದರಂತೆ. “ಮತ್ತೆ ಬಂದವು ದರಿದ್ರಗಳು” ಎಂದು ಅವನು ವಿಮಾನಗಳನ್ನು ಬೈದದ್ದನ್ನು, ಮೊದಲೇ ಅಲ್ಲಿ ಕುಳಿತಿದ್ದ ಅಣ್ಣ ತನ್ನ ಸಂಸಾರಕ್ಕೇ ಅಂದದ್ದೆಂದು ಹಿಡಿದನಂತೆ. ಅಂತೂ 1948ರಲ್ಲಿ ಮನೆ, ಯಂತ್ರ, ಆಳುಗಳೆಲ್ಲ ಪಾಲಾದವು. ಅಣ್ಣ ಮೊದಲು ‘ರೂಡಾ’ ಎಂದು ಹೆಸರಿಟ್ಟು ಆಮೇಲೆ ‘ಪೂಮಾ’ ಮಾಡಿದ. ತಮ್ಮ 1949ರ ಆಗಸ್ಟ್‌ನಲ್ಲಿ 47 ಜನ ಕೆಲಸಗಾರರೊಂದಿಗೆ ತನ್ನ ಹೆಸರಿನ ‘ಆಡಿ’ಗೆ ಮನೆತನದ ‘ಡಾಸ್’ ಸೇರಿಸಿ ಹೊಸ ಕಂಪನಿ ನೋಂದಾಯಿಸಿದ. ನಮ್ಮ ಕನ್ನಡದ ಕಿವಿಗೆ ಇದು ‘ಅಡಿದಾಸ’ ಎಂದು ಕೇಳಿಸುತ್ತದೆ. ಅಡಿಗಳ ದಾಸ, ಪಾದಸೇವಕ. ಪ್ರತಿ ಆಟಕ್ಕೆ ಪ್ರತ್ಯೇಕ ಶೂ ಬೇಕೆಂದು ಹಟ ಹಿಡಿದು, ಆಟಗಾರರ ಕಾಲ ಬುಡದಲ್ಲಿ ಕುಳಿತು ಅಳತೆ ನೋಡಿದವನಿಗೆ ಜರ್ಮನರು ತಿಳಿಯದೆಯೇ ಇಟ್ಟ ಹೆಸರು.

ಆಮೇಲೆ ಊರೇ ಎರಡಾಯಿತು. ನದಿಯ ಆಚೆಯದು ಒಂದು, ಈಚೆಯದು ಒಂದು, ಫುಟ್ಬಾಲ್ ತಂಡಗಳೂ ಎರಡು. ಎದುರು ಸಿಕ್ಕವರನ್ನು ಮಾತಾಡಿಸುವ ಮೊದಲು ತಲೆ ತಗ್ಗಿಸಿ ಅವರ ಕಾಲು ನೋಡುತ್ತಿದ್ದರಂತೆ. ಅದಕ್ಕೇ ಇದಕ್ಕೆ ‘ಬಗ್ಗಿದ ಕುತ್ತಿಗೆಗಳ ಊರು’ ಎಂಬ ಅಡ್ಡಹೆಸರು. ರೂಡಾಲ್ಫ್‌ನ ಮನೆಗೆ ದುರಸ್ತಿಗೆ ಬರುವ ಕೆಲಸದವರು ಬೇಕೆಂದೇ ಅಡಿಡಾಸ್ ಹಾಕಿಕೊಂಡು ಬರುತ್ತಿದ್ದರಂತೆ. ಅದನ್ನು ಕಂಡು ಸಿಡಿಮಿಡಿಗೊಂಡ ಅವನು ಕೆಳಗಿನ ಉಗ್ರಾಣದಿಂದ ಒಂದು ಜೊತೆ ಪೂಮಾ ಧರ್ಮಕ್ಕೆ ಕೊಡುತ್ತಾನೆಂದು ಅವರಿಗೆ ಗೊತ್ತಿತ್ತು! ನನಗೆ ಕಟಪಾಡಿಯ ಕಂಬಳದ ಮೂಡು-ಪಡು ಜೋಡುಕರೆ, ಕೋಣಗಳು ಓಡುವ ಅಕ್ಕಪಕ್ಕದ ಆ ಎರಡು ಓಟದ ದಾರಿಗಳು, ನೆನಪಾಯಿತು. ಪಕ್ಕದ ಕರೆಯಲ್ಲಿ ಇನ್ನೊಂದು ಜೋಡಿ ಓಡದಿದ್ದರೆ ಯಾವ ಕೋಣಕ್ಕೆ ಅಷ್ಟು ರಭಸ ಬರುತ್ತದೆ? ಇಬ್ಬರೂ ಈಗ ಅದೇ ಊರಿನ ಸ್ಮಶಾನದಲ್ಲಿದ್ದಾರೆ, ಒಬ್ಬನ ಸಮಾಧಿ ಒಂದು ತುದಿಗೆ, ಇನ್ನೊಬ್ಬನದು ಇನ್ನೊಂದು ತುದಿಗೆ.

1954ರ ಫುಟ್ಬಾಲ್ ವಿಶ್ವಕಪ್‌ನ ಬರ್ನ್ ಫೈನಲ್ ಅನ್ನು ನಿಮಗೆ ಹೇಳದಿದ್ದರೆ ತಪ್ಪಾಗುತ್ತದೆ, ಯಾಕೆಂದರೆ ಮಳೆ ನಿಮಗೆ ಗೊತ್ತು. ಲೀಗ್‌ನಲ್ಲಿ ಜರ್ಮನಿಯನ್ನು 8-3ರಿಂದ ಬಡಿದಿದ್ದ ಹಂಗೆರಿ ಎದುರಾಳಿ. ಆ ದಿನ ಮಳೆ ಸುರಿದು ಮೈದಾನ ನಮ್ಮ ಆಟಿ ತಿಂಗಳ ಗದ್ದೆಯಂತಾಗಿತ್ತು. ಆಡಿಯ ಶೂಗಳಲ್ಲಿ ಅಡಿಯ ಗುಬ್ಬಿಗಳನ್ನು, ಅಂದರೆ ಜಾರದಂತೆ ಹಿಡಿಯುವ ಸ್ಟಡ್‌ಗಳನ್ನು, ತಿರುಗಿಸಿ ತೆಗೆದು ಉದ್ದನೆಯವನ್ನು ಹಾಕಬಹುದಿತ್ತು. ಎರಡು ಗೋಲು ಹಿಂದೆ ಬಿದ್ದರೂ ಜರ್ಮನಿ 3-2ರಿಂದ ಗೆದ್ದಿತು. ಗುಬ್ಬಿ ತಿರುಗಿಸುವ ಉಪಾಯ ಮೊದಲು ನಮ್ಮದು ಎಂದು ಪೂಮಾದವರ ವಾದ ಇಂದಿಗೂ ನಿಂತಿಲ್ಲ.

“ಶೂ ಓಡುವುದಿಲ್ಲ, ಕಾಲು ಓಡುವುದು” ಎಂದು ನೀವು ಈಗ ಗೊಣಗುತ್ತಿದ್ದೀರಿ. ಐಕಳದ ಕಂಬಳವನ್ನೂ ಎಳೆದು ತರುತ್ತೀರಿ: 2020ರಲ್ಲಿ ಶ್ರೀನಿವಾಸ ಗೌಡರು ಬರಿಗಾಲಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ಪೂಮಾ ತೊಟ್ಟ ಓಟಗಾರ ಉಸೇನ್ ಬೋಲ್ಟ್ ಜೊತೆ ಅವರನ್ನು ಹೋಲಿಸಿದ್ದು. ಮುಂದೆ ಎಳೆಯಲು ಎರಡು ಕೋಣಗಳಿದ್ದವು ಎಂಬುದನ್ನು ಮಾತ್ರ ಜಾರಿಸಿಬಿಡುತ್ತೀರಿ. ಆದರೆ ನಿಮ್ಮ ದೊಡ್ಡ ಅಸ್ತ್ರ ಅಬೆಬೆ ಬಿಕಿಲಾ. ಪ್ರತಿ ವರ್ಷ ಶಾಲೆಯ ಕ್ರೀಡಾಕೂಟದಲ್ಲಿ ಮೈಕ್ ಹಿಡಿದು ಹೇಳುತ್ತಿದ್ದಿರಿ: 1960, ರೋಮ್, ಇಥಿಯೋಪಿಯದ ಸೈನಿಕ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ. ಆ ಕಥೆಗೆ ಇನ್ನೊಂದು ತುಂಡಿದೆ ಅಪ್ಪ. ಅಲ್ಲಿ ಶೂ ಒದಗಿಸುತ್ತಿದ್ದದ್ದು ಅಡಿಡಾಸ್. ಅವನು ಹೋಗುವ ಹೊತ್ತಿಗೆ ಉಳಿದಿದ್ದ ಜೊತೆಗಳು ಅವನ ಕಾಲಿಗೆ ಹೊಂದಲಿಲ್ಲವಂತೆ. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅವನು ಮತ್ತೆ ಗೆದ್ದ, ಅದೂ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಕಳೆಯುವಷ್ಟರಲ್ಲಿ. ಆಗ ಅವನ ಕಾಲಿನಲ್ಲಿ ಶೂ ಇತ್ತು, ಪೂಮಾ. ಅದೇ ರೋಮ್‌ನಲ್ಲಿ ಜರ್ಮನಿಯ ಆರ್ಮಿನ್ ಹಾರಿ 100 ಮೀಟರನ್ನು ಪೂಮಾದಲ್ಲಿ ಗೆದ್ದು, ಪದಕ ಪಡೆಯಲು ಅಡಿಡಾಸ್ ಹಾಕಿಕೊಂಡು ಹೋದ. ಇಬ್ಬರಿಂದಲೂ ಗಿಟ್ಟಿಸುವ ಆಸೆ ಎಂದು ಜನ ಆಡಿಕೊಂಡರು.

ಈಗ ಮೊಳೆಯ ವಿಷಯ. ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಜಿಲ್ಲಾ ಕ್ರೀಡಾಕೂಟಕ್ಕೆ ಮೊದಲು, ಸರ್ವಿಸ್ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುತ್ತಿದ್ದ ಅಜ್ಜನ ಹತ್ತಿರ ನನ್ನ ಕ್ಯಾನ್ವಾಸ್ ಶೂಗಳಿಗೆ ಆರಾರು ಮೊಳೆ ಹೊಡೆಸಿಕೊಂಡು ಬಂದಿರಿ. ಒಳಗೆ ಚರ್ಮದ ತುಂಡು, ಮೊಳೆಯ ತಲೆ ಚುಚ್ಚದಂತೆ ಮೇಲೆ ಸೈಕಲ್ ಟ್ಯೂಬ್. ಓಟ ಮುಗಿದ ಮೇಲೆ ಮೊಳೆ ಸಡಿಲವಾಗಿತ್ತು ಎಂದು ನಾನು ಹೇಳಿದ್ದು ಸುಳ್ಳು. ಆ ಶೂ ನನ್ನ ಚೀಲದಿಂದ ಹೊರಗೇ ಬರಲಿಲ್ಲ. ಪಕ್ಕದ ಹುಡುಗಿಯರ ಕಾಲಿನ ಮೂರು ಪಟ್ಟಿ ನೋಡಿ ನಾಚಿಕೆಯಾಗಿ, ಗೆಳತಿಯೊಬ್ಬಳ ಅಣ್ಣ ದುಬೈಯಿಂದ ಕಳುಹಿಸಿದ್ದ ಸ್ಪೈಕ್ಸ್ ಎರವಲು ಪಡೆದೆ. ಒಂದು ಅಳತೆ ದೊಡ್ಡದು. ಮುಂದೆ ಕಾಲುಚೀಲ ತುರುಕಿ ಓಡಿದೆ. ಎರಡನೆಯ ಸುತ್ತಿನಲ್ಲಿ ಹಿಮ್ಮಡಿಯ ಗುಳ್ಳೆ ಒಡೆಯಿತು, ನಾಲ್ಕನೆಯವಳಾದೆ. ನೀವು ಆ ಅಜ್ಜನ ಬಳಿ ಹೋಗಿ ಜಗಳವಾಡಿ ಬಂದಿರಿ. ಅವರಿಗೆ ಈಗ ಯಾರು ಹೇಳುವುದು?

ಇಡೀ ಶಾಲೆಗೆ ಬಿಕಿಲಾನ ಕಥೆ ಹೇಳುತ್ತಿದ್ದ ನೀವು ಮಗಳ ಕಾಲಿಗೆ ಮಾತ್ರ ಗುಟ್ಟಾಗಿ ಮೊಳೆ ಹೊಡೆಸಿದ್ದಿರಿ ಎಂಬುದು ಹೆರ್ಟ್ಸೊದಿಂದ ಮರಳುವ ಬಸ್ಸಿನಲ್ಲಿ ಹೊಳೆಯಿತು. ಆ ಶೂ ಅಟ್ಟದ ಟ್ರಂಕಿನಲ್ಲಿ ಇನ್ನೂ ಇದ್ದರೆ ಅಮ್ಮ ಎಸೆಯದಿರಲಿ.

ಕಾರ್ಖಾನೆಯ ಅಗ್ಗದ ಮಳಿಗೆಯಲ್ಲಿ ನಿಮಗೊಂದು ಜೊತೆ ನೋಡಿಟ್ಟಿದ್ದೇನೆ. ಯಾವ ಕಂಪನಿಯದೆಂದು ಹೇಳುವುದಿಲ್ಲ. ಬೆಳಗಿನ ನಡಿಗೆಗೆ ಬರಿಗಾಲೇ ಸಾಕು ಎನ್ನಬೇಡಿ, ಮಂಡಿಯ ವೈದ್ಯರು ಹೇಳಿದ್ದನ್ನು ಅಮ್ಮ ನನಗೆ ಹೇಳಿದ್ದಾರೆ. ಹಾಳೆಯ ಮೇಲೆ ಎರಡೂ ಪಾದಗಳನ್ನು ಊರಿ ನಿಂತು, ಅಮ್ಮನಿಂದ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆಸಿ, ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿ. ಪಕ್ಕದಲ್ಲಿ ಸ್ಕೇಲ್ ಇಡುವುದನ್ನು ಮರೆಯಬೇಡಿ. ಅಳತೆಯನ್ನು ಸಂಜೆ ತೆಗೆಯಿರಿ. ಬೆಳಗ್ಗೆಗಿಂತ ಸಂಜೆ ಪಾದ ಸ್ವಲ್ಪ ಊದಿರುತ್ತದೆ.

ಇಂತಿ,
ನಿಮ್ಮ ಮಗಳು